ನಿಂತವರ ಪ್ಯಾಂಟು, ಬಗ್ಗುವವರ ಮೈ

ಸಿದ್ಧ ಉಡುಪು ಸಣ್ಣ ಪೇಟೆಗಳ ಅಂಗಡಿಗಳಿಗೂ ಸಂತೆಯ ರಾಶಿಗಳಿಗೂ ತಲುಪಿದ ಮೇಲೆ ಪ್ಯಾಂಟಿನ ಬಗ್ಗೆ ಒಂದು ನಂಬಿಕೆ ಯಾರ ಆಕ್ಷೇಪವೂ ಇಲ್ಲದೆ ಬೇರೂರಿದೆ. ಸೊಂಟದ ನಂಬರು ಸರಿಯಾಗಿದ್ದರೆ ಪ್ಯಾಂಟು ಸರಿಯಾದಂತೆಯೇ. ಹೆಚ್ಚುಕಡಿಮೆ ಕಂಡರೆ ತುದಿ ಮಡಚಿ, ಬದಿಯಲ್ಲಿ ಒಂದಿಷ್ಟು ಹಿಡಿದರೆ ಸಾಕು. ಅದಕ್ಕೂ ಮೀರಿದ ತೊಂದರೆಯಿದ್ದರೆ ಅದು ಪೇಟೆಯ ಟೈಲರಿಗೆ ಬಿಡಬೇಕಾದ ಕೆಲಸ, ಮನೆಯಲ್ಲಿ ಬಿಚ್ಚಿ ಹೊಲಿಯಲು ಹೊರಟರೆ ಬಟ್ಟೆ ಕೆಡುವುದು ಖಂಡಿತ ಎಂಬುದು ಆ ನಂಬಿಕೆಯ ಒಟ್ಟು ರೂಪ. ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ, ಅಂದರೆ ದಿನದ ಬಹುಪಾಲು ಸಮತಟ್ಟಲ್ಲದ ನೆಲದ ಮೇಲೆ ಏರಿಳಿಯುತ್ತ ದುಡಿಯುವವರ ನಡುವೆ, ಈ ನಂಬಿಕೆ ಉಂಟುಮಾಡಿರುವ ತೊಡಕು ಸಣ್ಣದಲ್ಲ. ಪ್ಯಾಂಟು ಮೈಗೆ ಹೊಂದಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬಗ್ಗಿದಾಗ, ಕುಕ್ಕರುಗಾಲಿನಲ್ಲಿ ಕುಳಿತಾಗ, ದರೆ ಹತ್ತಲು ಒಂದು ಕಾಲನ್ನು ಮಂಡಿಯ ಎತ್ತರಕ್ಕೆ ಎತ್ತಿದಾಗ. ಆ ಉತ್ತರವನ್ನು ಕಂಡು, ತಿದ್ದಿ, ಮತ್ತೆ ಪರೀಕ್ಷಿಸಲು ಮನೆಗಿಂತ ತಕ್ಕ ಜಾಗ ಇನ್ನೊಂದಿಲ್ಲ ಎಂಬುದೇ ಇಲ್ಲಿನ ವಾದ.

ನಂಬರಿನ ಮೇಲಿನ ಭರವಸೆಯನ್ನು ಮೊದಲು ನೋಡಬಹುದು. 32 ಎಂದು ಬರೆದ ಚೀಟಿ ಸೊಂಟದ ಸುತ್ತಳತೆಯೊಂದನ್ನು ಸೂಚಿಸುತ್ತದೆ, ಅದನ್ನೂ ತಯಾರಕರು ತಮಗೆ ತೋಚಿದಂತೆ ಹಿಗ್ಗಿಸುವುದು ಕುಗ್ಗಿಸುವುದು ಉಂಟು. ಸೊಂಟದಿಂದ ಕುಳಿತ ಪೀಠದವರೆಗಿನ ಆಳ, ಮುಂಭಾಗದ ಸೊಂಟಪಟ್ಟಿಯಿಂದ ಕಾಲುಗಳ ನಡುವೆ ಹಾದು ಹಿಂಭಾಗದ ಸೊಂಟಪಟ್ಟಿಗೆ ಸೇರುವ ಉದ್ದ, ತೊಡೆಯ ದಪ್ಪ, ಇವು ಯಾವುವನ್ನೂ ಅದು ಹೇಳುವುದಿಲ್ಲ. ಭಾರತದ ಉಡುಪು ಉದ್ಯಮ ಬಹುಕಾಲ ಅಮೆರಿಕ ಮತ್ತು ಬ್ರಿಟನ್ನಿನ ಅಳತೆಪಟ್ಟಿಗಳನ್ನೇ ಸ್ವಲ್ಪ ತಿದ್ದಿಕೊಂಡು ಬಳಸುತ್ತ ಬಂದಿತ್ತು. ಈ ಕೊರತೆಯನ್ನು ನೀಗಿಸಲೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ ‘ಇಂಡಿಯಾಸೈಜ್’ ಎಂಬ ಸಮೀಕ್ಷೆಯನ್ನು ಕೈಗೊಂಡು, ಬೆಂಗಳೂರು, ಹೈದರಾಬಾದ್, ಮುಂಬೈ, ದೆಹಲಿ, ಕೋಲ್ಕತ್ತ, ಶಿಲ್ಲಾಂಗ್ ಎಂಬ ಆರು ನಗರಗಳಲ್ಲಿ 15ರಿಂದ 65 ವರ್ಷದವರೆಗಿನ ಸುಮಾರು 25,000 ಜನರ ಮೈಯನ್ನು ಸ್ಕ್ಯಾನರಿನಲ್ಲಿ ಅಳೆಯುವ ಗುರಿ ಇಟ್ಟುಕೊಂಡಿತು. ಕೆಲಸ ಶ್ಲಾಘನೀಯವೇ. ಆದರೆ ಸ್ಕ್ಯಾನರು ಅಳೆಯುವುದು ಅಲುಗಾಡದೆ ನಿಂತ ಮೈಯನ್ನು, ಆರು ಊರುಗಳೂ ನಗರಗಳೇ. ಎಷ್ಟು ನಿಖರವಾದ ಪಟ್ಟಿ ಬಂದರೂ ಅದು ಸಕಲೇಶಪುರ ತಾಲ್ಲೂಕಿನ ಹೆತ್ತೂರಿನ ಕಡೆಯ ತೋಟದಲ್ಲಿ ಇಳಿಜಾರಿನ ಮೇಲೆ ಕೂತೇಳುವ ಮೈಗೆ ಎಷ್ಟು ಸಡಿಲ ಬೇಕು ಎಂಬುದನ್ನು ತಿಳಿಸಲಾರದು. ಸರಾಸರಿ ಅಳತೆಯ ಮೈ ಎಂಬುದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುವ ಮೈ.

ಈ ಪ್ರದೇಶದ ಕೆಲಸಗಳನ್ನು ಒಂದೊಂದಾಗಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಏಲಕ್ಕಿಯ ಗೊನೆ ಗಿಡದ ತುದಿಯಲ್ಲಿ ಬಿಡದೆ ಬುಡದಲ್ಲಿ, ನೆಲಕ್ಕೆ ತಾಗಿದಂತೆ ಹರಡುವುದರಿಂದ ಅದನ್ನು ಕೊಯ್ಯುವವರು ಗಿಡದಿಂದ ಗಿಡಕ್ಕೆ ಕುಕ್ಕರುಗಾಲಿನಲ್ಲೇ ಸರಿಯಬೇಕು. ದೋಣಿಗಾಲಿನಲ್ಲಿ ಭಾರತೀಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೇ ಇರುವಷ್ಟು ಈ ಬೆಳೆ ಇಲ್ಲಿಯದು. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ ಕಾಫಿಯ ಕೊಯ್ಲು ನಡೆಯುವಾಗ ಒಂದು ಕೈಯಲ್ಲಿ ರೆಂಬೆ ಬಗ್ಗಿಸಿ ಹಿಡಿದು ಒಂದು ಕಾಲನ್ನು ಮೇಲಿನ ಮೆಟ್ಟಿಲಿಗೆ ಊರಿ ನಿಲ್ಲುವುದು ಸಾಮಾನ್ಯ ಭಂಗಿ. ಮೆಣಸು ಕೊಯ್ಯುವವರು ಏಣಿ ಹತ್ತುತ್ತಾರೆ, ಮರಗಸಿ ಎಂದು ಕರೆಯುವ ನೆರಳುಮರದ ಕೊಂಬೆ ಸವರುವ ಕೆಲಸದವರು ಮರವನ್ನೇ ಹತ್ತುತ್ತಾರೆ. ಕಣಿವೆಯ ಗದ್ದೆಗಳಲ್ಲಿ ನಾಟಿ ಮಾಡುವವರು ಪ್ಯಾಂಟನ್ನು ಮಂಡಿಯ ಮೇಲಕ್ಕೆ ಸುತ್ತಿಕೊಂಡು ಸೊಂಟ ಬಗ್ಗಿಸುತ್ತಾರೆ. ಕಾಲಿನ ತುದಿಯ ಸುತ್ತಳತೆ ಮೀನಖಂಡದ ಸುತ್ತಳತೆಗಿಂತ ಕಡಿಮೆಯಿರುವ, ಈಗಿನ ಅಂಗಡಿಗಳಲ್ಲಿ ಹೇರಳವಾಗಿ ಸಿಗುವ ಪ್ಯಾಂಟನ್ನು ಹಾಗೆ ಮೇಲಕ್ಕೆ ಸುತ್ತುವುದು ಅಸಾಧ್ಯ, ಅದೇ ಕಿರಿದಾದ ತುದಿ ಮಳೆಗಾಲದಲ್ಲಿ ಗಂಬೂಟಿನೊಳಗೆ ಸೇರಿಸಲು ಅನುಕೂಲ. ಒಂದೇ ತೋಟದ ಎರಡು ಕೆಲಸಗಳು ಒಂದೇ ಪ್ಯಾಂಟಿನಿಂದ ವಿರುದ್ಧವಾದ ಗುಣಗಳನ್ನು ಕೇಳುತ್ತವೆ ಎಂದಮೇಲೆ, ಸರಿಯಾದ ತುದಿ ಹದಿನಾಲ್ಕು ಇಂಚೋ ಹದಿನಾರು ಇಂಚೋ ಎಂದು ಕಾಲಮಾನದ ಶೋಕಿ ನೋಡಿ ತೀರ್ಮಾನಿಸುವುದಕ್ಕೆ ಅರ್ಥವೇ ಇಲ್ಲ.

ಮೈ ಬಗ್ಗಿದಾಗ ಬಟ್ಟೆ ಏನು ಮಾಡುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ವಿಚಾರಿಸಿದವರಿದ್ದಾರೆ. ಕರ್ಕ್ ಮತ್ತು ಇಬ್ರಾಹಿಂ ಎಂಬ ಸಂಶೋಧಕರು 1966ರಲ್ಲಿ ‘ಟೆಕ್ಸ್‌ಟೈಲ್ ರಿಸರ್ಚ್ ಜರ್ನಲ್’ನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಂಡಿ ಮಡಚಿದಾಗಲೂ ಕುಳಿತಾಗಲೂ ಹಿಗ್ಗುವ ಚರ್ಮದ ಜೊತೆಗೆ ಉಡುಪು ಹೊಂದಿಕೊಳ್ಳುವುದಕ್ಕೆ ಇರುವ ದಾರಿಗಳು ಮೂರೇ ಎಂದು ವಿಂಗಡಿಸಿದರು: ಉಡುಪಿನಲ್ಲಿ ಮೊದಲೇ ಬಿಟ್ಟ ಸಡಿಲ, ಮೈಯ ಮೇಲೆ ಬಟ್ಟೆ ಜಾರುವುದು, ಮತ್ತು ಬಟ್ಟೆ ತಾನೇ ಹಿಗ್ಗುವುದು. ಈ ವಿಂಗಡಣೆಯನ್ನು ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸಕಲೇಶಪುರಕ್ಕೆ ತಂದು ನೋಡಿದರೆ ಪ್ರಚಲಿತ ನಂಬಿಕೆಯ ಟೊಳ್ಳು ಬಯಲಾಗುತ್ತದೆ. ಒದ್ದೆಯಾದ ಹತ್ತಿ ಬಟ್ಟೆ ತೊಡೆಗೆ ಅಂಟಿಕೊಳ್ಳುವುದರಿಂದ ಎರಡನೆಯ ದಾರಿ, ಅಂದರೆ ಜಾರುವಿಕೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಮುಚ್ಚಿಹೋಗುತ್ತದೆ. ಒಣಗಿದ ದಿನ ಸಲೀಸಾಗಿದ್ದ ಪ್ಯಾಂಟು ಮಳೆಯಲ್ಲಿ ಮಂಡಿಯನ್ನು ಹಿಡಿದು ನಿಲ್ಲಿಸುತ್ತದೆ, ಕಾಲು ಮಡಚಿದಾಗಲೆಲ್ಲ ಸಾಕ್ಸಿನೊಳಗೆ ಸೇರಿಸಿದ ತುದಿ ಹೊರಕ್ಕೆ ಎಳೆದುಬಂದು ಇಂಬಳ ಎಂಬ ನೆಲದ ಜಿಗಣೆಗೆ ದಾರಿಯಾಗುತ್ತದೆ. ಮೂರನೆಯ ದಾರಿಯನ್ನು ನಂಬಿದವರು ಹಿಗ್ಗುವ ಬಟ್ಟೆ ಬಂದ ಮೇಲೆ ಹೊಲಿಗೆಯ ತಿದ್ದುಪಡಿಯೇ ಬೇಡವೆನ್ನುತ್ತಾರೆ. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ, ಅಂಗಡಿಯವರು ಲೈಕ್ರಾ ಎಂದು ಹೇಳುವ ಆ ನೂಲು ಶಾಖಕ್ಕೆ ಸೋಲುವ ನೂಲು. ಮಳೆಗಾಲದಲ್ಲಿ ಬಟ್ಟೆ ಒಣಗಲು ಬಚ್ಚಲೊಲೆಯ ಮೇಲೆ ಹರವುವುದೇ ಉಪಾಯವಾಗಿರುವ ಮನೆಗಳಲ್ಲಿ ಅದರ ಹಿಗ್ಗು ಎಷ್ಟು ಕಾಲ ಉಳಿದೀತು? ಹೀಗೆ ಎರಡು ದಾರಿಗಳೂ ಮುಚ್ಚಿದ ಮೇಲೆ ಉಳಿಯುವುದು ಬೇಕಾದ ಜಾಗದಲ್ಲಿ ಬೇಕಾದಷ್ಟು ಸಡಿಲ ಬಿಡುವುದೊಂದೇ, ಅದು ಕತ್ತರಿ ಮತ್ತು ಸೂಜಿಯ ಕೆಲಸ.

ಆದರೆ ಸಡಿಲವನ್ನು ಕುರಿತು ರೂಢಿಯಲ್ಲಿರುವ ತಿಳಿವಳಿಕೆ ಅದನ್ನು ತೆಗೆಯುವುದಕ್ಕೆ ಸಂಬಂಧಿಸಿದ್ದು, ಅದೂ ತಪ್ಪು ಜಾಗದಿಂದ. ಬದಿ ಹಿಡಿಯುವುದು ಎಂದರೆ ಕಾಲಿನ ಹೊರಬದಿಯ ಹೊಲಿಗೆಯ ಒಳಗೆ ಇನ್ನೊಂದು ಹೊಲಿಗೆ ಹಾಕಿ ಅಗಲವನ್ನು ಕಡಿಮೆ ಮಾಡುವುದು. ಇದರಲ್ಲಿ ಮೊದಲ ಎಡವಟ್ಟು ಲೆಕ್ಕದ್ದು: ಮಡಚಿದ ಬಟ್ಟೆಯ ಮೇಲೆ ಅರ್ಧ ಇಂಚು ಗುರುತು ಹಾಕಿದರೆ ಒಂದು ಬದಿಗೆ ಒಂದು ಇಂಚು, ಎರಡೂ ಬದಿ ಸೇರಿ ಸೊಂಟದಲ್ಲಿ ಎರಡು ಇಂಚು ಹೋಗುತ್ತದೆ ಎಂಬುದನ್ನು ಮರೆತು ಒಂದಿಂಚು ಹಿಡಿದವರ ಪ್ಯಾಂಟು ನಾಲ್ಕು ಇಂಚು ಕುಗ್ಗಿ ಮೂಲೆ ಸೇರುತ್ತದೆ, ಆಮೇಲೆ ಮನೆಯ ಹೊಲಿಗೆಯೇ ಕೆಟ್ಟದ್ದೆಂಬ ಮಾತು ಹುಟ್ಟುತ್ತದೆ. ಎರಡನೆಯದು ನೂಲಿನ ದಿಕ್ಕಿಗೆ ಸೇರಿದ್ದು. ಪ್ಯಾಂಟಿನ ಕಾಲನ್ನು ಕತ್ತರಿಸುವಾಗ ಬಟ್ಟೆಯ ಹಾಸು, ಅಂದರೆ ಉದ್ದಕ್ಕೆ ಓಡುವ ನೂಲು, ಇಸ್ತ್ರಿ ಗೆರೆ ಬೀಳುವ ನಡುಭಾಗದಲ್ಲಿ ನೇರವಾಗಿ ಇಳಿಯುವಂತೆ ಇಡುತ್ತಾರೆ. ಒಳಬದಿಯನ್ನು ಹಾಗೆಯೇ ಬಿಟ್ಟು ಹೊರಬದಿಯಿಂದಷ್ಟೇ ಅಗಲ ತೆಗೆದರೆ ಆ ನಡುಗೆರೆ ಪಕ್ಕಕ್ಕೆ ಸರಿದು ಇಡೀ ಕಾಲು ತಿರುಚಿಕೊಳ್ಳುತ್ತದೆ. ಜೀನ್ಸಿನಲ್ಲಿ ಒಳಬದಿಯನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮೇಲಿನಿಂದ ಹೊಲಿದಿರುವುದರಿಂದ ಬಿಚ್ಚಲು ಬೇಸರಪಟ್ಟು ಎಲ್ಲರೂ, ಪೇಟೆಯ ಅಂಗಡಿಗಳವರೂ, ಓವರ್‌ಲಾಕ್ ಮಾತ್ರ ಇರುವ ಹೊರಬದಿಗೇ ಕೈ ಹಾಕುತ್ತಾರೆ. ಗ್ರಾಹಕರಿಗೆ ಪ್ಯಾಂಟು ಬಿಗಿಯಾದದ್ದು ಕಾಣುತ್ತದೆ, ತಿರುಚಿದ್ದು ನಡೆಯುವಾಗ ಅರಿವಾಗುತ್ತದೆ, ಅಷ್ಟರಲ್ಲಿ ಹಣ ಕೊಟ್ಟಾಗಿರುತ್ತದೆ.

ಪ್ಯಾಂಟಿನ ನಿಜವಾದ ಕೀಲು ಇರುವುದು ಕವಲಿನಲ್ಲಿ, ಅಂದರೆ ಎರಡು ಕಾಲುಗಳ ಕೊಳವೆಗಳು ಕೂಡುವ, ಟೈಲರುಗಳು ಫೋರ್ಕ್ ಎನ್ನುವ ಜಾಗದಲ್ಲಿ, ಮತ್ತು ಅಲ್ಲಿಂದ ಹಿಂದಕ್ಕೆ ಸೊಂಟಪಟ್ಟಿಯವರೆಗೆ ಏರುವ ಸೀಟಿನ ಹೊಲಿಗೆಯಲ್ಲಿ. ಕುಕ್ಕರುಗಾಲಿನಲ್ಲಿ ಕುಳಿತಾಗ ಹಿಂಭಾಗದ ಉದ್ದ ಸಾಲದೆ ಸೊಂಟಪಟ್ಟಿ ಕೆಳಕ್ಕೆ ಜಗ್ಗುವುದು, ಕಾಲೆತ್ತಿದಾಗ ಇಡೀ ಪ್ಯಾಂಟು ತೊಡೆಯನ್ನು ಎಳೆಯುವುದು, ಕವಲಿನ ಹೊಲಿಗೆ ಮತ್ತೆ ಮತ್ತೆ ಬಿಡುವುದು, ಈ ದೂರುಗಳೆಲ್ಲ ಒಂದೇ ಕಡೆಯವು. ಜನ ಇದಕ್ಕೆ ಮಾಡುವ ಉಪಾಯ ಬೆಲ್ಟನ್ನು ಇನ್ನೊಂದು ತೂತಿಗೆ ಬಿಗಿಯುವುದು, ಇಲ್ಲವೇ ಎರಡು ನಂಬರು ದೊಡ್ಡದನ್ನು ಕೊಳ್ಳುವುದು. ದೊಡ್ಡ ನಂಬರಿನಲ್ಲಿ ಕವಲು ಇನ್ನೂ ಕೆಳಗೆ ಜೋಲುತ್ತದೆ, ಕವಲು ಕೆಳಗಿಳಿದಷ್ಟೂ ಹೆಜ್ಜೆ ಅಗಲವಾಗಿ ಇಡುವುದು ಕಷ್ಟ. ಕಂಕುಳಿನ ತೂತು ಅತಿಯಾಗಿ ಕೆಳಗಿಳಿದ ಅಂಗಿಯಲ್ಲಿ ಕೈ ಎತ್ತಲು ಹೋದರೆ ಇಡೀ ಅಂಗಿ ಮೇಲೇಳುವುದನ್ನು ಕಂಡವರಿಗೆ ಇದು ತಿಳಿಯದ ಸಂಗತಿಯಲ್ಲ. ಅರೆಬರೆ ಕಲಿತವರ ಮತ್ತೊಂದು ತಪ್ಪು, ಬಿಗಿಯಾದ ಕವಲಿನ ಬಾಗನ್ನು ಇನ್ನಷ್ಟು ಆಳಕ್ಕೆ ಕತ್ತರಿಸುವುದು: ಬಾಗಿನ ಉದ್ದವೇನೋ ಹೆಚ್ಚುತ್ತದೆ, ಆದರೆ ಕವಲು ಇಳಿಯುವುದರಿಂದ ನಿಂತಾಗ ಹಾಯೆನಿಸಿದ ಪ್ಯಾಂಟು ದರೆ ಹತ್ತುವಾಗ ಕಾಲಿಗೆ ತೊಡರುತ್ತದೆ.

ಇದಕ್ಕೆ ಇರುವ ಸರಿಯಾದ ತಿದ್ದುಪಡಿ ಕತ್ತರಿಗಿಂತ ಬ್ಲೇಡಿನ ಕೆಲಸವಾಗಿದ್ದು, ಒಳಬದಿಯ ಹೊಲಿಗೆಯನ್ನು ಕವಲಿನಿಂದ ಮಂಡಿಯವರೆಗೆ ಬಿಚ್ಚಿ, ಹಿಂದಿನ ತುಂಡಿನ ಅಂಚಿನಲ್ಲಿ ಒಳಗೆ ಉಳಿದಿರುವ ಬಟ್ಟೆಯನ್ನು, ಅಂದರೆ ಟೈಲರುಗಳು ಮಾರ್ಜಿನ್ ಎನ್ನುವುದನ್ನು, ಮೇಲ್ಗಡೆ ಹೆಚ್ಚಾಗಿಯೂ ಕೆಳಗೆ ಬರಬರುತ್ತ ಕಡಿಮೆಯಾಗಿಯೂ ಬಿಟ್ಟು ಹೊಲಿಯುವುದಾಗಿದೆ. ಇದರಿಂದ ಕವಲಿನ ಉದ್ದ ಮತ್ತು ತೊಡೆಯ ಅಗಲ ಎರಡೂ ಒಟ್ಟಿಗೆ ಹೆಚ್ಚುತ್ತವೆ, ಕವಲು ಮಾತ್ರ ಇದ್ದಲ್ಲೇ ಇರುತ್ತದೆ. ಮಾರ್ಜಿನ್ ಸಾಲದಿದ್ದರೆ, ಸಿದ್ಧ ಪ್ಯಾಂಟಿನಲ್ಲಿ ಅದು ಸುಮಾರು ಒಂದು ಸೆಂಟಿಮೀಟರಿನಷ್ಟೇ ಇರುವುದರಿಂದ ಬಹುತೇಕ ಸಾಲುವುದಿಲ್ಲ, ನಾಲ್ಕು ಹೊಲಿಗೆಗಳು ಕೂಡುವ ಜಾಗದಲ್ಲಿ ಉದ್ದಕ್ಕೆ ಆರು ಇಂಚು, ಅಡ್ಡಕ್ಕೆ ಎರಡೂವರೆ ಇಂಚಿನ ವಜ್ರಾಕಾರದ ತುಂಡೊಂದನ್ನು ಕೂಡಿಸಬಹುದು. ಪೈಜಾಮ, ಸಲ್ವಾರಗಳನ್ನು ಹೊಲಿಯುತ್ತ ಬಂದವರಿಗೆ ಈ ತುಂಡು ಹೊಸದಲ್ಲ. ಅದಕ್ಕೆ ಅದೇ ಬಣ್ಣದ, ಅದೇ ನೇಯ್ಗೆಯ ಬಟ್ಟೆ ಎಲ್ಲಿಂದ ತರಬೇಕೆಂದು ಕೇಳುವವರು ಉದ್ದ ಕಡಿಮೆ ಮಾಡುವಾಗ ಕತ್ತರಿಸಿ ಎಸೆದ ಪಟ್ಟಿಯನ್ನು ನೆನೆಯಬೇಕು: ಮೂರು ಇಂಚು ಅಗಲದ, ಕಾಲಿನ ಸುತ್ತಳತೆಯಷ್ಟು ಉದ್ದದ ಎರಡು ಪಟ್ಟಿಗಳು ಪ್ರತಿ ಪ್ಯಾಂಟಿನಿಂದಲೂ ಹೊರಬೀಳುತ್ತವೆ. ಅವನ್ನು ಗಿರಾಕಿಗೆ ಮರಳಿಸದ ಅಂಗಡಿಗಳೇ ಹೆಚ್ಚು, ಕೇಳಿ ಪಡೆಯುವ ಗಿರಾಕಿಗಳು ಇನ್ನೂ ಕಡಿಮೆ.

ಬೇಕಾದಲ್ಲಿ ಸಡಿಲ, ಬೇಡವಾದಲ್ಲಿ ಬಿಗಿ ಎಂಬ ತತ್ತ್ವಕ್ಕೆ ಉಡುಪಿನ ಚರಿತ್ರೆಯಲ್ಲಿ ಒಳ್ಳೆಯ ಸಾಕ್ಷಿಯಿದೆ. ಜೋಧ್‌ಪುರದ ರಾಜಮನೆತನದ ಸರ್ ಪ್ರತಾಪ ಸಿಂಗ್ 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಲಂಡನ್ನಿಗೆ ಹೋದಾಗ ಅಲ್ಲಿಯ ಸವಾರರ ಕಣ್ಣಿಗೆ ಬಿದ್ದ ಪ್ಯಾಂಟು, ಮಂಡಿಯಿಂದ ಕೆಳಗೆ ಚೂಡಿದಾರದಂತೆ ಬಿಗಿಯಾಗಿ, ತೊಡೆ ಮತ್ತು ಸೀಟಿನಲ್ಲಿ ಉಬ್ಬಿಕೊಂಡಂತೆ ಅಗಲವಾಗಿತ್ತು. ಕುದುರೆಯ ಮೇಲೆ ಕಾಲು ಅಗಲಿಸಿ ಕುಳಿತು ಏಳುವ ಮೈಯನ್ನು ಗಮನದಲ್ಲಿಟ್ಟು ರೂಪಿಸಿದ್ದರಿಂದಲೇ ಅದು ಊರಿನ ಹೆಸರಿನಲ್ಲೇ ಜಗತ್ತಿನಲ್ಲೆಲ್ಲ ಹರಡಿತು.

ಈಗ ಟೈಲರಿಗೆ ಬಿಡಬೇಕೆಂಬ ವಾದಕ್ಕೆ ಬರಬಹುದು. ನುರಿತ ಟೈಲರರ ಕೈಚಳಕವನ್ನು ಅಲ್ಲಗಳೆಯುವುದು ಮೂರ್ಖತನ. ಹಳೆಯ ಕ್ರಮದಲ್ಲಿ ಹೊಲಿಯುವವರು ಸೊಂಟಪಟ್ಟಿಯನ್ನು ಎರಡು ತುಂಡಾಗಿ ಮಾಡಿ ಹಿಂದೆ ನಡುವೆ ಕೂಡಿಸಿ, ಅಲ್ಲಿ ಒಂದೊಂದು ಇಂಚು ಬಟ್ಟೆ ಬಿಟ್ಟು, ಮುಂದಿನ ವರ್ಷಗಳ ಮೈಗೂ ಅವಕಾಶ ಇಡುತ್ತಿದ್ದರು. ತೊಡಕಿರುವುದು ಅವರ ಕೌಶಲದಲ್ಲಿ ಅಲ್ಲ, ಅಂಗಡಿ ಎಂಬ ಏರ್ಪಾಟಿನಲ್ಲಿ. ಗಿರಾಕಿ ಬರುವುದು ಒಳ್ಳೆಯ ಬಟ್ಟೆ ತೊಟ್ಟು, ನಿಲ್ಲುವುದು ನೆಟ್ಟಗೆ, ಅಳತೆ ಕೊಡುವುದು ಹೊಟ್ಟೆ ಒಳಗೆಳೆದುಕೊಂಡು. ಪೇಟೆಯ ಅಂಗಡಿಯಲ್ಲಿ ಹತ್ತು ಜನರ ಎದುರು ಕುಕ್ಕರುಗಾಲಿನಲ್ಲಿ ಕೂತು ತೋರಿಸಿ ಎಂದು ಹೇಳುವ ಟೈಲರೂ ಇಲ್ಲ, ಕೂರುವ ಗಿರಾಕಿಯೂ ಇಲ್ಲ, ಹೆಣ್ಣುಮಕ್ಕಳ ಮಟ್ಟಿಗಂತೂ ಈ ಮಾತೇ ಬರುವುದಿಲ್ಲ. ಮನೆಯಲ್ಲಾದರೋ ದೊಡ್ಡ ದೊಡ್ಡ ಟಾಕು ಹಾಕಿ ತಾತ್ಕಾಲಿಕವಾಗಿ ಹೊಲಿದ ಪ್ಯಾಂಟನ್ನು ತೊಟ್ಟು ಅಂಗಳದಲ್ಲಿ ಕೂತೆದ್ದು, ಮೆಟ್ಟಿಲು ಹತ್ತಿ, ಬೇಕಿದ್ದರೆ ಅರ್ಧ ದಿನ ತೋಟದ ಕೆಲಸವನ್ನೇ ಮಾಡಿ, ಎಲ್ಲಿ ಎಳೆಯುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿಸಿಕೊಂಡು, ಟಾಕು ಬಿಚ್ಚಿ ಮತ್ತೆ ಹಾಕಬಹುದು. ಹತ್ತಿ ಬಟ್ಟೆಯನ್ನು ತಿದ್ದುವ ಮೊದಲು ಒಮ್ಮೆ ಒಗೆದು ಒಣಗಿಸಿ ಕುಗ್ಗಲು ಬಿಡುವುದೂ ಮನೆಯಲ್ಲಿ ಸಾಧ್ಯ. ಕೊಂಡ ದಿನವೇ ಉದ್ದ ಕತ್ತರಿಸಿ ಕೊಡುವ ಅಂಗಡಿಯಲ್ಲಿ ಅದಕ್ಕೆ ವ್ಯವಧಾನವಿಲ್ಲ.

ಮನೆಯವರಿಗೆ ಅಷ್ಟು ತಿಳಿವಳಿಕೆ ಎಲ್ಲಿದೆ ಎಂಬ ತಿರಸ್ಕಾರದ ಹಿಂದೆ ಇರುವುದು ಹೆಂಗಸರ ಹೊಲಿಗೆಯ ಬಗೆಗಿನ ಹಳೆಯ ಅಸಡ್ಡೆ. ಮಲೆನಾಡಿನ ಮನೆಗಳಲ್ಲಿ ಕಾಲಲ್ಲಿ ತುಳಿಯುವ ಮಿಷನ್ನಿನ ಮುಂದೆ ಕೂರುವವರಲ್ಲಿ ಬಹುಪಾಲು ರವಿಕೆ ಹೊಲಿಯುವ ಹೆಂಗಸರು, ಮತ್ತು ನಮ್ಮ ಉಡುಪುಗಳಲ್ಲಿ ರವಿಕೆಯಷ್ಟು ಮೈಗೆ ಅಂಟಿದಂತೆ ಕೂರಬೇಕಾದ ಇನ್ನೊಂದು ಉಡುಪಿಲ್ಲ. ಹಿಗ್ಗದ ಬಟ್ಟೆಯನ್ನು ಟಕ್ಸ್ ಹಿಡಿದು, ಅಂದರೆ ಮೂಲೆಗಳಲ್ಲಿ ಚೂಪಾದ ಮಡಿಕೆ ಹೊಲಿದು, ಉಬ್ಬುತಗ್ಗಿನ ಮೇಲೆ ಕೂರಿಸುವುದು, ಕೈ ಎತ್ತಿದಾಗ ಕಂಕುಳಲ್ಲಿ ಹಿಡಿಯದಂತೆ ತೋಳು ಕೂಡಿಸುವುದು, ಮುಂದೆ ದಪ್ಪಗಾದರೆ ಬಿಚ್ಚಲೆಂದು ಬದಿಯಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿಡುವುದು, ಇವಿಷ್ಟನ್ನೂ ಬಲ್ಲವರಿಗೆ ಪ್ಯಾಂಟಿನ ಕವಲು ಅರ್ಥವಾಗದೆಂದು ಹೇಳುವುದು ಅರ್ಥಹೀನ. ಅರ್ಥವಾಗದೇ ಉಳಿದಿದ್ದರೆ ಅದು ಕಲಿಸದೇ ಇದ್ದುದರಿಂದ. ಸ್ವಉದ್ಯೋಗ ತರಬೇತಿಗಳಲ್ಲಿ ಮಹಿಳೆಯರ ಉಡುಪಿನ ಹೊಲಿಗೆ, ಪುರುಷರ ಉಡುಪಿನ ಹೊಲಿಗೆ ಬೇರೆ ಬೇರೆ ಕೋರ್ಸುಗಳು. ಹೆಂಗಸರು ಒಂದಕ್ಕೆ ಸೇರುತ್ತಾರೆ, ತಮ್ಮ ಮನೆಯ ಗಂಡಸರ ಪ್ಯಾಂಟುಗಳನ್ನೂ ಈಚೆಗೆ ತಾವೇ ತೊಡುವ ಪ್ಯಾಂಟುಗಳನ್ನೂ ತಿದ್ದುವ ವಿದ್ಯೆ ಇನ್ನೊಂದರಲ್ಲಿ ಉಳಿಯುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ 18 ಕಸುಬುಗಳಲ್ಲಿ ದರ್ಜಿಯ ಕಸುಬನ್ನೂ ಸೇರಿಸಿ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು ಕೊಡುತ್ತದೆ. ಮಿಷನ್ನು ಮನೆಗೆ ಬರುವುದು ಸುಲಭವಾಗಿದೆ, ಅದರಲ್ಲಿ ಏನನ್ನು ಹೊಲಿಯಬಹುದು ಎಂಬ ಕಲ್ಪನೆ ಮಾತ್ರ ರವಿಕೆಯ ಆಚೆಗೆ ಹೋಗಿಲ್ಲ.

ಮನೆಯಲ್ಲಿ ಆಗದ ಕೆಲಸಗಳೂ ಇವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ಜೀನ್ಸಿನ ಸೊಂಟಪಟ್ಟಿ ಒಂದೇ ಉದ್ದ ತುಂಡಾಗಿದ್ದು ಹಿಂದೆ ನಡುವೆ ಕೂಡಿಕೆ ಇಲ್ಲದ್ದರಿಂದ ಸೊಂಟವನ್ನು ಚಿಕ್ಕದು ಮಾಡಲು ಬೆಲ್ಟಿನ ಲೂಪುಗಳ ಅಡಿಯಲ್ಲಿ ಎರಡು ಸಣ್ಣ ಮಡಿಕೆ ಹಿಡಿಯುವುದರ ಆಚೆಗೆ ಹೆಚ್ಚೇನೂ ಮಾಡಲಾಗದು. ಮಡಚಿ ಎರಡು ಸಾಲು ಹೊಲಿದ ದಪ್ಪ ಕೂಡಿಕೆಗಳಲ್ಲಿ 14 ನಂಬರಿನ ಸೂಜಿ ಮುರಿಯುತ್ತದೆ, 16ನ್ನು ಹಾಕಿ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕಾಗುತ್ತದೆ. ಸೀಟಿನ ಹೊಲಿಗೆಗೆ ಕಾರ್ಖಾನೆಗಳು ಬಳಸುವುದು ಸರಪಳಿಯಂತೆ ಕೊಂಡಿ ಕೂಡುವ, ಎಳೆದಾಗ ಹಿಗ್ಗುವ ಹೊಲಿಗೆಯನ್ನು. ಮನೆಯ ಮಿಷನ್ನಿನದು ಮೇಲಿನ ನೂಲು ಕೆಳಗಿನ ನೂಲನ್ನು ಹಿಡಿದು ಬಿಗಿಯುವ, ಹಿಗ್ಗದ ಹೊಲಿಗೆ. ಹಾಸನದ ಉಡುಪು ಕಾರ್ಖಾನೆಗಳಿಗೆ ದಿನವೂ ಹೋಗಿಬರುವ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ಬೆರಳ ತುದಿಯಲ್ಲಿ ಗೊತ್ತು, ಆದರೆ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಹೊಲಿಗೆ ಹಂಚಿರುವುದರಿಂದ ಇಡೀ ಪ್ಯಾಂಟಿನ ನಕ್ಷೆ ಅವರ ಕೈಗೆ ಬರುವುದಿಲ್ಲ. ಮನೆಯ ಮಿಷನ್ನಿನ ಹೊಲಿಗೆ ಹಿಗ್ಗದ ಕೊರತೆಗೆ ಪರಿಹಾರವಾಗಿ ಪಾಲಿಯೆಸ್ಟರ್ ನೂಲಿನಲ್ಲಿ ಚಿಕ್ಕ ಹೊಲಿಗೆಯ ಎರಡು ಸಾಲು ಹಾಕಬಹುದು, ಇಲ್ಲವೇ ಪ್ರತಿ ಹೊಲಿಗೆಗೂ ಅರ್ಧ ಹಿಂದೆ ಸರಿದು ಮುಂದೆ ಸಾಗುವ ಕೈಹೊಲಿಗೆಯನ್ನು ಹಾಕಬಹುದು. ಕೈಹೊಲಿಗೆ ನಿಧಾನ, ಆದರೆ ಸೀಟಿನಲ್ಲಿ ಮಿಷನ್ ಹೊಲಿಗೆಗಿಂತ ಹೆಚ್ಚು ಬಾಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಉಳಿಯುವ ಅಡ್ಡಿ ಮಾರ್ಜಿನ್ನಿನದು, ಅದರಲ್ಲಿ ಮನೆಯವರ ತಪ್ಪಿಲ್ಲ. ಒಂದು ಪ್ಯಾಂಟಿನ ಪ್ರತಿ ಅಂಚಿನಲ್ಲೂ ಅರ್ಧ ಇಂಚು ಬಟ್ಟೆ ಕಡಿತ ಮಾಡಿದರೆ ಲಕ್ಷಗಟ್ಟಲೆ ಪ್ಯಾಂಟುಗಳ ಲೆಕ್ಕದಲ್ಲಿ ಕಾರ್ಖಾನೆಗೆ ದೊಡ್ಡ ಉಳಿತಾಯ. ಕೊಳ್ಳುವವರ ಪಾಲಿಗೆ ಅದು ಮುಂದೆ ಬಿಡಲು ಬಟ್ಟೆಯೇ ಇಲ್ಲದ, ಮೈ ಸ್ವಲ್ಪ ಬದಲಾದರೆ ಎಸೆಯಲೇಬೇಕಾದ ಉಡುಪು. ಅಗ್ಗದ ಬೆಲೆಯನ್ನು ಹೊಗಳುವವರು ಈ ಕಡಿತವನ್ನು ಬೆಲೆಯೊಳಗೆ ಸೇರಿಸಿ ಲೆಕ್ಕ ಹಾಕುವುದಿಲ್ಲ. ಪ್ಯಾಂಟು ಕೊಳ್ಳುವಾಗ ಚೀಟಿಯ ನಂಬರು ನೋಡುವ ಮೊದಲು ಅದನ್ನು ಒಳಮಗ್ಗುಲು ಹೊರಗಾಗುವಂತೆ ತಿರುಗಿಸಿ ಸೀಟಿನಲ್ಲಿ, ಒಳಬದಿಯಲ್ಲಿ, ತುದಿಯ ಮಡಿಕೆಯಲ್ಲಿ ಎಷ್ಟು ಬಟ್ಟೆ ಉಳಿದಿದೆ ಎಂದು ನೋಡುವವರು ಹೆಚ್ಚಾದರೆ, ಬಾಳ್ಳುಪೇಟೆಯ ಸಂತೆಯ ವ್ಯಾಪಾರಿಯೂ ಆ ಪ್ರಶ್ನೆಯನ್ನು ತನಗೆ ಸರಕು ಕಳಿಸುವವರಿಗೆ ದಾಟಿಸಬೇಕಾಗುತ್ತದೆ.